ಹೋಗದೆ ಉಳಿದ ಫ್ಯೂಸ್

ನಾಸಿಕ್‌ನಿಂದ ಮರಳಿದ ರಘೋತ್ತಮ ಬೂಟು ಬಿಚ್ಚುವ ಮೊದಲೇ ಅಂಗಿಯ ಜೇಬಿನಿಂದ ಒಂದು ಫ್ಯೂಸ್ ತೆಗೆದು ಊಟದ ಮೇಜಿನ ಮೇಲಿಟ್ಟ. ಕಾರಿಗೆ ಹಾಕುವಂಥ, ಎರಡು ಚಪ್ಪಟೆ ಕಾಲುಗಳ, ಹಸಿರು ಪ್ಲಾಸ್ಟಿಕ್ಕಿನ ಫ್ಯೂಸ್. ನೆತ್ತಿಯ ಮೇಲೆ ಮೂವತ್ತು ಎಂಬ ಅಂಕಿ.

“ನೋಡು,” ಅಂದ. “ಹೋಗಿಲ್ಲ.”

ಸುಮನ ಅದನ್ನೆತ್ತಿ ಟ್ಯೂಬ್‌ಲೈಟಿಗೆ ಹಿಡಿದಳು. ಒಳಗಿನ ಲೋಹದ ಎಳೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕಮಾನಿನಂತೆ ಬಾಗಿ ಇಡಿಯಾಗಿಯೇ ಇತ್ತು.

“ಕ್ರಿಯಾ ಎಲ್ಲಾ ಮುಗೀತೇನ್ರಿ?”

“ಮುಗೀತು. ಊರಿಂದ ಅವರಣ್ಣ ಬಂದಾರ, ಮುದ್ದಣ್ಣ ಅಂತ. ಬೆಂಕಿ ಹತ್ತಿದಾಗ ದೇವದಾಸರಿಗೆ ಎಚ್ಚರಾನ ಆಗಿಲ್ಲಂತ. ಮಲಗಿದ್ದಲ್ಲೇ ಹೊಗಿ ಕುಡದಾರ.” ಅವನು ಕುರ್ಚಿಯಲ್ಲಿ ಕುಸಿದು ಕೂತ. ಮತ್ತೆ ಅದೇ ಮಾತು: “ಫ್ಯೂಸ್ ಹೋಗಿಲ್ಲ ನೋಡು. ಬ್ಯಾಟರಿ ಹತ್ರ ಹೆಂಗ ಹಾಕಿದ್ನೋ ಹಂಗ ಇತ್ತು. ಅಂದ್ರ ನಮ್ಮ ಲೈನಿಂದ ಆದದ್ದಲ್ಲ.”

ಸುಮನ ಫ್ಯೂಸನ್ನು ಇದ್ದಲ್ಲೇ ಇಟ್ಟು ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು.

ರಘೋತ್ತಮ ಧಾರವಾಡದವನು. ಬ್ಯಾಂಕಿನ ಅಧಿಕಾರಿಯಾಗಿ ಔರಂಗಾಬಾದಿಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ದೇವದಾಸರು ಕುಂದಾಪುರದ ಕಡೆಯವರು. ನಾಸಿಕ್‌ನಲ್ಲಿ ಇಪ್ಪತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಇಬ್ಬರಿಗೂ ಹ್ಯಾಮ್ ರೇಡಿಯೋದ ಹುಚ್ಚು. ಮುಖ ನೋಡುವ ಮೊದಲೇ ದನಿಯ ಪರಿಚಯವಾದವರು. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ, ನೂರೆಂಬತ್ತು ಕಿಲೋಮೀಟರಿನ ಆಚೆಯಿಂದ, ಕರಕರ ಸದ್ದಿನ ನಡುವೆ ದೇವದಾಸರ ಕನ್ನಡ ಈ ಮನೆಯ ಪಡಸಾಲೆಗೆ ಬರುತ್ತಿತ್ತು. ಇವತ್ತು ಇಡ್ಲಿ ಹಿಟ್ಟು ಹುಳಿ ಬರಲಿಲ್ಲ, ಮಗಳು ಪ್ರಜ್ಞಾಗೆ ಮರಾಠಿಯಲ್ಲಿ ಎಂಬತ್ತೆಂಟು ಬಂತು, ನಿಮ್ಮಲ್ಲಿ ಚಳಿ ಹೇಗುಂಟು.

ಸುಮನಳಿಗೂ ರೇಡಿಯೋ ಪರವಾನಗಿ ಇತ್ತು. ಕರ್ನಾಟಕ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಪರವಾನಗಿಯ ಪರೀಕ್ಷೆಗೆ ಕೂರುವ ಗಂಡನಿಂದ ಪಾಠ ಒಪ್ಪಿಸಿಕೊಳ್ಳುತ್ತ ಕೊನೆಗೆ ತಾನೂ ಕೂತು, ಅವನಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಆದರೆ ಮೈಕ್ ಹಿಡಿದದ್ದು ಕಡಿಮೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಎರಡು ಸಲ ತಿದ್ದುವಷ್ಟರಲ್ಲಿ ಆಚೆಯವರು ಮಾತು ಮುಗಿಸಿಬಿಟ್ಟಿರುತ್ತಿದ್ದರು.

ಅವಳು ಅಂಜುಬುರುಕಿ ಎಂದು ಎರಡೂ ಮನೆಗಳಲ್ಲಿ ಹೆಸರಾಗಿತ್ತು. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಮಲಗುವವಳಲ್ಲ. ಗೇಟಿನ ತನಕ ಹೋಗಿ ಮರಳಿ ಬಂದು ಬೀಗ ಜಗ್ಗುವವಳು. ಇಸ್ತ್ರಿಪೆಟ್ಟಿಗೆ ಆರಿಸಿದ್ದೇನೋ ಇಲ್ಲವೋ ಎಂದು ಒಮ್ಮೆ ಊರಾಚೆಯ ವಾಳೂಜ್ ದಾಟಿದ ಮೇಲೆ ಕಾರು ತಿರುಗಿಸುವಂತೆ ಮಾಡಿದ್ದಳು. ಆರಿಸಿಯೇ ಇತ್ತು. ಹತ್ತು ಸಲದಲ್ಲಿ ಹತ್ತು ಸಲವೂ ಆರಿಸಿಯೇ ಇರುತ್ತಿತ್ತು. ಹಾಗಾಗಿ ಅವಳ ಭಯಕ್ಕೆ ಮನೆಯಲ್ಲಿ ಯಾರೂ ಬೆಲೆ ಕೊಡುತ್ತಿರಲಿಲ್ಲ. ಬರಬರುತ್ತ ಅವಳೂ ಕೊಡುವುದನ್ನು ಬಿಟ್ಟಿದ್ದಳು.

ಹಿಂದಿನ ದೀಪಾವಳಿ ಮುಗಿದ ವಾರ, ದೇವದಾಸರ ಹೊಸ ರೇಡಿಯೋ ಸೆಟ್ಟಿಗೆ ವೈರ್ ಎಳೆಯಲು ಗಂಡಹೆಂಡತಿ ಇಬ್ಬರೂ ನಾಸಿಕ್‌ಗೆ ಹೋಗಿದ್ದರು. ಹೋಟೆಲಿನ ಮೇಲೊಂದು ಮಾಳಿಗೆ. ಅಲ್ಲಿ ಅಕ್ಕಿ ಚೀಲ, ಪಾರ್ಸೆಲ್ ಕಟ್ಟುವ ಹಳೇ ಪೇಪರಿನ ಕಟ್ಟುಗಳು, ಒಂದು ಮೂಲೆಯಲ್ಲಿ ರೇಡಿಯೋ ಮೇಜು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ದೇವದಾಸರು ಅಲ್ಲೇ ಚಾಪೆ ಹಾಸಿ ಅಡ್ಡಾಗುತ್ತಿದ್ದರು. ಇಳಿಯಲು ಕಡಿದಾದ ಮರದ ಏಣಿಮೆಟ್ಟಿಲು, ಒಂದೇ ಒಂದು.

ಬ್ಯಾಟರಿ ಕೆಳಗೆ ಇತ್ತು. ಅಲ್ಲಿಂದ ಮೇಲಿನ ಮೇಜಿಗೆ ರಘೋತ್ತಮ ಆರು ಚದರ ಮಿಲಿಮೀಟರಿನ ದಪ್ಪ ವೈರ್ ಎಳೆದ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಕೂಡಿಸಿದ. “ಸೆಟ್ಟು ಇಪ್ಪತ್ತೆರಡು ಆಂಪಿಯರ್ ಎಳೀತದ, ವೈರು ಮೂವತ್ತೈದು ತಡೀತದ, ನಡುವ ಮೂವತ್ತರ ಫ್ಯೂಸು. ಹೆಂಗದ ಲೆಕ್ಕ?” ಎಂದು ಕೇಳಿದ್ದ. ಲೆಕ್ಕ ಸರಿಯಾಗಿಯೇ ಇತ್ತು.

ಎಲ್ಲ ಮುಗಿದು, ಹೆಂಡತಿ ಗುಣವತಿ ಗೋಳಿಬಜೆ ತಂದಿಟ್ಟಾಗ ದೇವದಾಸರಿಗೆ ಇನ್ನೊಂದು ಆಸೆ ಹುಟ್ಟಿತು. ಊರೊಳಗೆ ಮಾತಾಡಲು ಒಂದು ಚಿಕ್ಕ ಸೆಟ್ಟಿತ್ತು. ಅದನ್ನು ಆ ತುದಿಯ ಕಿಟಕಿಯ ಹತ್ತಿರ ಇಡಬಹುದೇ? ದಪ್ಪ ವೈರ್ ಮುಗಿದುಹೋಗಿತ್ತು. ರಘೋತ್ತಮ ಪೆಟ್ಟಿಗೆಯಿಂದ ಟೇಬಲ್ ಲ್ಯಾಂಪಿಗೆ ಹಾಕುವಂಥ ತೆಳ್ಳನೆಯ ಜೋಡಿ ವೈರಿನ ಸುರುಳಿ ತೆಗೆದ. ಮೇಜಿನ ಬಳಿ ದಪ್ಪ ವೈರಿನ ಸಿಪ್ಪೆ ಸುಲಿದು, ತೆಳ್ಳಗಿನದನ್ನು ಅದಕ್ಕೆ ಸುತ್ತಿ, ಟೇಪು ಹೊಡೆದು, ಪೇಪರ್ ಕಟ್ಟುಗಳ ಹಿಂದಿನಿಂದ ಗೋಡೆಗುಂಟ ಎಂಟು ಮೀಟರ್ ಎಳೆದು ಕಿಟಕಿಗೆ ಮುಟ್ಟಿಸಿದ.

ಟಾರ್ಚ್ ಹಿಡಿದು ನಿಂತಿದ್ದ ಸುಮನ ಆಗ ಕೇಳಿದ್ದಳು: “ಇಲ್ಲಿಂದ ವೈರ್ ತೆಳ್ಳಗಾತಲ್ರಿ. ಇಲ್ಲೊಂದು ಸಣ್ಣ ಫ್ಯೂಸ್ ಬ್ಯಾಡೇನು? ಐದರದು?”

“ಕೆಳಗ ಅದಲ್ಲ ಒಂದು.”

“ಅದು ದಪ್ಪ ವೈರಿಂದು…”

“ಅಕ್ಕನನ್ನು ಬಿಟ್ರೆ ನಮ್ಮ ಮಸಾಲೆದೋಸೆಗೂ ಒಂದು ಫ್ಯೂಸ್ ಹಾಕಿಸ್ತಾರೆ ಮಾರಾಯ್ರೆ!” ಅಂದರು ದೇವದಾಸರು. ಎಲ್ಲರೂ ನಕ್ಕರು. ಸುಮನಳೂ ನಕ್ಕಳು. ಐದರ ಫ್ಯೂಸುಗಳು ಪೆಟ್ಟಿಗೆಯಲ್ಲೇ ನಾಲ್ಕಿದ್ದವು. ಇಲ್ಲದ್ದು ಅದನ್ನು ಕೂಡಿಸುವ ಹೋಲ್ಡರ್ ಒಂದೇ. ಎರಡು ಓಣಿ ಆಚೆಯ ಅಂಗಡಿಗೆ ಹೋಗಿದ್ದರೆ ಅದೂ ಸಿಗುತ್ತಿತ್ತು. ಇನ್ನೊಂದು ಸಲ ಹೇಳಲೇ ಎಂದುಕೊಂಡಳು. ಹೇಳಿದರೆ ಇನ್ನೊಂದು ಸಲ ನಗುತ್ತಾರೆ ಎಂದುಕೊಂಡಳು. ಗೋಳಿಬಜೆ ಆರುತ್ತಿತ್ತು.

ಈಗ, ಆರು ತಿಂಗಳ ಮೇಲೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೂರೂವರೆಗೆ ಆ ಮಾಳಿಗೆ ಹೊತ್ತಿಕೊಂಡಿತ್ತು.

ಬೆಂಕಿ ಎಲ್ಲಿಂದ ಬಂತು ಎನ್ನುವುದಕ್ಕೆ ಜನ ಕೂಡಲೇ ಒಂದು ಉತ್ತರ ಹುಡುಕಿಕೊಂಡಿದ್ದರು. ಮಾಳಿಗೆಯ ಗೂಡಿನಲ್ಲಿ ಕೊಲ್ಲೂರು ಮೂಕಾಂಬಿಕೆಯ ಪಟವಿತ್ತು. ಹೋಟೆಲಿನ ಮೊದಲ ದಿನದಿಂದಲೂ ಮಧ್ಯಾಹ್ನ ಅಲ್ಲಿ ಎಣ್ಣೆದೀಪ ಹಚ್ಚುವುದು ಗುಣವತಿಯ ಪಾಲಿನ ಕೆಲಸ. ಅಂದೂ ಹಚ್ಚಿದ್ದಳು. ಗಂಡ ಮಲಗಿದ ಮೇಲೆ ಸದ್ದಾಗದಂತೆ ಇಳಿದು ಬಂದಿದ್ದಳು. ರೇಡಿಯೋದ ಫ್ಯೂಸ್ ಹೋಗಿಲ್ಲ ಎಂದು ರಘೋತ್ತಮ ಎಲ್ಲರೆದುರು ತೋರಿಸಿದ ಮೇಲೆ ಉಳಿದದ್ದು ಆ ದೀಪವೊಂದೇ. ಹದಿನಾರರ ಮಗಳು ಪ್ರಜ್ಞಾ ಅಂದಿನಿಂದ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ತಾಯಿ ಬಡಿಸಿದರೆ ತಟ್ಟೆ ಸರಿಸಿ ಏಳುತ್ತಿದ್ದಳಂತೆ.

ಇದನ್ನು ಕೇಳಿದ ಮೇಲೆ ಸುಮನ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಪೆನ್ಸಿಲ್ ಹಿಡಿದು ಕೂತಳು. ತೆಳ್ಳನೆಯ ವೈರ್, ಹೋಗುವಾಗ ಎಂಟು ಮೀಟರ್, ಬರುವಾಗ ಎಂಟು. ಕಿಟಕಿಯ ಹತ್ತಿರ, ಅದರ ಕದದ ಸಂದಿನಲ್ಲೋ ಇಲಿಯ ಹಲ್ಲಿನಲ್ಲೋ, ಎರಡೂ ಎಳೆ ಒಂದಕ್ಕೊಂದು ತಾಗಿದವು ಎನ್ನೋಣ. ಅಷ್ಟುದ್ದದ ತೆಳ್ಳನೆಯ ತಾಮ್ರ ತಾನೇ ಒಂದು ತಡೆ. ಹನ್ನೆರಡು ವೋಲ್ಟಿನ ಬ್ಯಾಟರಿ ಅದರ ಮೂಲಕ ಎಷ್ಟು ಕರೆಂಟು ನೂಕೀತು?

ಇಪ್ಪತ್ತೆಂಟು ಆಂಪಿಯರ್.

ಮತ್ತೆ ಮಾಡಿದಳು. ಇಪ್ಪತ್ತೆಂಟು. ಮೂರನೆಯ ಸಲವೂ ಇಪ್ಪತ್ತೆಂಟೇ.

ಏಳೆಂಟು ಆಂಪಿಯರ್ ತಡೆಯುವ ವೈರಿನಲ್ಲಿ ಇಪ್ಪತ್ತೆಂಟು. ಕೆಳಗಿನ ಫ್ಯೂಸಿಗೆ ಮೂವತ್ತರ ತನಕ ಏನೂ ಅನ್ನಿಸುವುದೇ ಇಲ್ಲ. ಅದರ ಲೆಕ್ಕದಲ್ಲಿ ಮೇಲೆ ಎಲ್ಲ ಕ್ಷೇಮ. ಫ್ಯೂಸ್ ಹೋಗಿದ್ದರೆ ಆ ಮನುಷ್ಯ ಬದುಕಿರುತ್ತಿದ್ದ. ಅದು ಹೋಗದೆ ಉಳಿದದ್ದು ಲೈನಿನ ತಪ್ಪಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ತಪ್ಪಿಗೇ ಸಾಕ್ಷಿ.

ಸಂಜೆ ಹಾಳೆಯನ್ನು ಗಂಡನ ಮುಂದಿಟ್ಟಳು. ಅವನು ಓದಿದ. ಬಹಳ ಹೊತ್ತು ಓದಿದ. ಬ್ಯಾಂಕಿನಲ್ಲಿ ಅಂಕಿಗಳ ನಡುವೆಯೇ ಬದುಕಿದವನಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

“ಹಿಂಗ ಆಗಿರಬಹುದು,” ಅಂದ. “ಹಿಂಗ ಆಗೇದ ಅಂತ ಹೆಂಗ ಹೇಳ್ತಿ? ಆ ದೀಪ ಇತ್ತು ಅನ್ನೂದೂ ಖರೇನ ಅದಲ್ಲ?”

“ಆಕಿ ಮಗಳು ಮಾತು ಬಿಟ್ಟಾಳ್ರಿ.”

“ನನ್ನ ಬಗ್ಗೆ ಯಾರು ವಿಚಾರ ಮಾಡವರು? ಪೊಲೀಸರ ಮುಂದ ಹೋಗಿ, ನಾನ ಕೊಂದೆ ಅನ್ನಲೇನು? ನೌಕರಿ ಏನಾಗ್ತದ ಗೊತ್ತದೇನು?” ದನಿ ಏರಿತ್ತು. ಮರುಕ್ಷಣ ಇಳಿಯಿತು. “ಸುಮನಾ, ನಿನಗ ಎಲ್ಲಾದಕ್ಕೂ ಅಂಜಿಕಿ. ಇದೂ ಹಂಗ ಒಂದು.”

ಹತ್ತು ಸಲದಲ್ಲಿ ಹತ್ತು ಸಲವೂ ಅವನು ಹೇಳಿದ್ದೇ ಸರಿಯಾಗಿತ್ತಲ್ಲ. ಅವಳು ಹಾಳೆಯನ್ನು ಮಡಿಚಿಟ್ಟಳು.

ಮೇ ತಿಂಗಳ ಎರಡನೆಯ ವಾರ ಮುದ್ದಣ್ಣ ಫೋನ್ ಮಾಡಿದರು. ಪಂಚನಾಮೆಯಲ್ಲಿ ಬೆಂಕಿಯ ಕಾರಣ ಇನ್ನೂ ಖಾಲಿ ಇದೆ, ಮನೆಯವರು ಬರೆದುಕೊಟ್ಟರೆ ಸೇರಿಸುತ್ತಾರಂತೆ. “ನಾವು ಅನ್ನ ಸಾರಿನವರು, ನಮಗೆ ಎಂತ ಗೊತ್ತುಂಟು? ನೀವು ಒಮ್ಮೆ ಬಂದು ಎಲ್ಲರೆದುರು ಹೇಳಿಬಿಡಿ. ರೇಡಿಯೋವಾ, ದೀಪವಾ. ನೀವು ಹೇಳಿದ್ದು ಬರೀತೇವೆ.”

ಭಾನುವಾರ ಬೆಳಿಗ್ಗೆ ಹೊರಟರು. ವಾಳೂಜ್‌ನಲ್ಲಿ ಕಾರ್ಖಾನೆಯ ಬಸ್ಸುಗಳು ಪಾಳಿ ಮುಗಿಸಿದವರನ್ನು ಇಳಿಸುತ್ತಿದ್ದವು. ಗಂಗಾಪುರದ ಬಯಲು ಬೆಳಿಗ್ಗೆ ಎಂಟಕ್ಕೇ ಕಾದಿತ್ತು. ವೈಜಾಪುರದಲ್ಲಿ ಚಹಾ ಕುಡಿಯುವಾಗ ರಘೋತ್ತಮ ಲೋಟದತ್ತ ನೋಡುತ್ತ ಹೇಳಿದ: “ಅಲ್ಲೆ ನೀ ಏನೂ ಮಾತಾಡಬ್ಯಾಡ. ಫ್ಯೂಸ್ ಹೋಗಿರಲಿಲ್ಲ ಅಂತ ಹೇಳ್ತೀನಿ. ಅದು ಸುಳ್ಳಲ್ಲ. ಉಳಿದದ್ದು ಅವರು ತಿಳಕೊಂಡಂಗ.”

ಸುಮನ ತನ್ನ ಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅದರಲ್ಲಿ ಒಂದು ಸೀರೆಯ ಕೆಳಗೆ, ಅದೇ ಸುರುಳಿಯಲ್ಲಿ ಉಳಿದಿದ್ದ ತೆಳ್ಳನೆಯ ವೈರ್ ಇತ್ತು. ಅಳತೆಯ ಟೇಪು ಹಿಡಿದು ಎಂಟು ಮೀಟರಿಗೆ ಕತ್ತರಿಸಿದ್ದಳು. ಮೇಲೆ ಹೋಗಿ ಒಮ್ಮೆ ಗೋಡೆ ನೋಡಬೇಕು ಎಂಬುದಷ್ಟೇ ಗೊತ್ತಿತ್ತು.

ಹೋಟೆಲಿನ ಶಟರ್ ಅರ್ಧ ಎಳೆದಿತ್ತು. ಗುಣವತಿ ಬಾಗಿಲಿಗೆ ಬಂದು “ಬನ್ನಿ ಅಕ್ಕ” ಅಂದಳು. ಆರು ತಿಂಗಳ ಹಿಂದೆ ತುಂಬಿಕೊಂಡಿದ್ದ ಮೈ ಈಗ ಕುಪ್ಪಸದೊಳಗೆ ಇದ್ದೂ ಇಲ್ಲದಂತಿತ್ತು. ಮಗಳು ಗಲ್ಲಾಪೆಟ್ಟಿಗೆಯ ಹಿಂದಿನ ಸ್ಟೂಲಿನಲ್ಲಿ, ತಾಯಿಗೆ ಬೆನ್ನು ಮಾಡಿ ಕೂತಿದ್ದಳು.

“ಒಂದ್ಸಲ ಮ್ಯಾಲೆ ಹೋಗಿ ಬರಲೇನ್ರಿ?” ಎಂದು ಸುಮನ ಮುದ್ದಣ್ಣನವರನ್ನು ಕೇಳಿದಳು.

“ಹೋಗಿ. ಮೆಟ್ಟಿಲು ಜಾಗ್ರತೆ. ಅಲ್ಲಿ ನೋಡ್ಲಿಕ್ಕೆ ಎಂತ ಉಳಿದಿಲ್ಲ.”

ಉಳಿದಿತ್ತು. ಗೂಡಿನ ಹಲಗೆ ಮಸಿ ಹಿಡಿದಿತ್ತು, ಸುಟ್ಟಿರಲಿಲ್ಲ. ಪಟದ ಗಾಜು ಸೀಳಿತ್ತು, ಒಳಗಿನ ಚಿತ್ರ ಹಾಗೇ ಇತ್ತು. ದೀಪ ಬೀಳದೆ ನಿಂತೇ ಇತ್ತು. ಎದುರಿನ ಗೋಡೆಯಲ್ಲಿ, ಮೇಜಿದ್ದ ಜಾಗದಿಂದ ಕಿಟಕಿಯ ತನಕ, ಯಾರೋ ಕಾಡಿಗೆಯಲ್ಲಿ ಗೆರೆ ಎಳೆದ ಹಾಗೆ ಒಂದು ಕಪ್ಪು ಪಟ್ಟಿ. ಪಟ್ಟಿಯುದ್ದಕ್ಕೂ ಗಾರೆ ಉದುರಿತ್ತು. ಮೇಜಿನ ತುದಿಯಲ್ಲಿ, ಸುತ್ತಿ ಟೇಪು ಹೊಡೆದಿದ್ದ ಜಾಗದಲ್ಲಿ, ತಾಮ್ರ ಕರಗಿ ಜೋಳದ ಕಾಳಿನಂತೆ ಉಂಡೆಗಟ್ಟಿತ್ತು. ಅಲ್ಲಿಗೆ ವೈರ್ ಕಡಿದಿತ್ತು. ಫ್ಯೂಸು ಮಾಡಬೇಕಾದ ಕೆಲಸವನ್ನು ವೈರೇ ಮಾಡಿತ್ತು, ಎಲ್ಲ ಮುಗಿದ ಮೇಲೆ.

ಸುಮನ ಕೆಳಗಿಳಿಯುವಾಗ ರಘೋತ್ತಮ ಮಾತು ಶುರು ಮಾಡಿದ್ದ. ಮುದ್ದಣ್ಣ ಎದುರಿಗೆ ಕಾಗದ ಇಟ್ಟುಕೊಂಡು ಕೂತಿದ್ದರು. “ಹಂಗ ನೋಡಿದ್ರ, ಫ್ಯೂಸ್ ಇಡಿಯಾಗೇ ಇತ್ರಿ. ಶಾರ್ಟ್ ಆಗಿದ್ರ ಫ್ಯೂಸ್ ಹೋಗಬೇಕು. ಹೋಗಿಲ್ಲ. ಆದ ಕಾರಣ…”

“ಹೋಗಬೇಕಾಗಿರಲಿಲ್ರಿ,” ಅಂದಳು ಸುಮನ.

ದನಿ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಪ್ರಜ್ಞಾ ತಿರುಗಿ ನೋಡಿದಳು.

“ಸುಮನಾ,” ಅಂದ ರಘೋತ್ತಮ.

“ಆ ಬ್ಯಾಟರಿ ಇನ್ನೂ ಅದ ಏನ್ರಿ, ಮುದ್ದಣ್ಣನವರ?”

“ಹಿತ್ತಿಲಲ್ಲುಂಟು. ಯಾಕೆ?”

“ಒಂದು ಬಕೆಟ್ ಮರಳು, ನಾಕು ಪೇಪರು ಕೊಡ್ರಿ. ಮಾತಿಲೆ ಹೇಳಿದ್ರ ನನಗ ಸರಿ ಹೇಳ್ಲಿಕ್ಕೆ ಬರೂದಿಲ್ಲ.”

ಹಿತ್ತಿಲ ಫರಸಿಯ ಮೇಲೆ ಹಳೇ ಪೇಪರು ಹಾಸಿ ಅವಳು ವೈರನ್ನು ಉದ್ದಕ್ಕೆ ಬಿಡಿಸಿದಳು. ದೂರದ ತುದಿಯ ಎರಡೂ ಎಳೆಗಳನ್ನು ಕಟಿಂಗ್ ಪ್ಲೈಯರಿನಿಂದ ಸೇರಿಸಿ ತಿರುಚಿದಳು. ಬ್ಯಾಟರಿಯಲ್ಲಿ ಹಳೆಯ ಫ್ಯೂಸ್ ಹೋಲ್ಡರ್ ಒಂದು ಮೊಳ ದಪ್ಪ ವೈರಿನ ಜೊತೆ ಇನ್ನೂ ಇತ್ತು. ಗಂಡನ ಕಡೆ ಕೈ ಚಾಚಿದಳು. ಅವನು ಜೇಬಿನಿಂದ ಹಸಿರು ಫ್ಯೂಸ್ ತೆಗೆದು ಅಂಗೈಗೆ ಹಾಕಿದ.

“ಯಾರೂ ಮುಟ್ಟಬ್ಯಾಡ್ರಿ,” ಎಂದು ಅವಳು ಕೊನೆಯ ಜೋಡಣೆ ಮಾಡಿದಳು.

ಮೊದಲು ಏನೂ ಆಗಲಿಲ್ಲ. ಮುದ್ದಣ್ಣ ಗಂಟಲು ಸರಿಪಡಿಸಿಕೊಂಡರು. ಅರ್ಧ ನಿಮಿಷಕ್ಕೆ ಪ್ಲಾಸ್ಟಿಕ್ ಕಾದ ವಾಸನೆ ಬಂತು. ಒಂದು ನಿಮಿಷಕ್ಕೆ ವೈರ್ ತಾನಾಗಿಯೇ ಮೆಲ್ಲಗೆ ಹೊರಳಿತು. ಎರಡನೆಯ ನಿಮಿಷದಲ್ಲಿ ಉದ್ದಕ್ಕೂ ಬಿಳಿ ಹೊಗೆ ಎದ್ದಿತು. ಸಿಪ್ಪೆ ಮೆತ್ತಗಾಗಿ ಪೇಪರಿಗೆ ಅಂಟಿ, ಅದರ ಅಡಿಯಲ್ಲಿ ಅಕ್ಷರಗಳು ಕಂದಾಗುತ್ತ ಬಂದವು. ಸುಮನ ಪ್ಲೈಯರಿನಿಂದ ತಂತಿ ಕಿತ್ತು, ಮರಳು ಸುರಿದಳು. ಆಮೇಲೆ ಫ್ಯೂಸನ್ನು ಹೊರಗೆಳೆದು ಮುದ್ದಣ್ಣನವರ ಕೈಗೆ ಕೊಟ್ಟಳು. ಅವರು ಬಿಸಿಲಿಗೆ ಹಿಡಿದು ನೋಡಿದರು. ಎಳೆ ಇಡಿಯಾಗಿತ್ತು.

“ಫ್ಯೂಸು ದಪ್ಪ ವೈರಿಗೆ ಅಳತಿ ಮಾಡಿ ಹಾಕಿದ್ದು. ತೆಳ್ಳಗಿನದು ಸುಡೂದು ಅದಕ್ಕ ತಿಳಿಯೂದೇ ಇಲ್ರಿ. ಮ್ಯಾಲೆ ಗೋಡಿ ಮ್ಯಾಲೆ ಇದೇ ಗೆರಿ ಅದ. ದೀಪದ ಹಲಗಿ ಸುಟ್ಟಿಲ್ಲ. ಹೋಗಿ ನೋಡ್ರಿ.”

ಮುದ್ದಣ್ಣ ಹೋಗಿ ನೋಡಿ ಬಂದರು. ಬಂದವರು ತಮ್ಮನ ಹೆಂಡತಿಯ ಕಡೆ ನೋಡಿ, ನೋಟ ತೆಗೆದು, ಗೋಡೆಗೆ ಒರಗಿ ಕೂತರು.

ಗುಣವತಿ ಮರಳಿನ ಕೆಳಗಿನಿಂದ ಇನ್ನೂ ಬರುತ್ತಿದ್ದ ಹೊಗೆಯನ್ನೇ ನೋಡುತ್ತಿದ್ದಳು. “ಎರಡು ನಿಮಿಷ,” ಅಂದಳು. “ನಾನು ಆಗ ಕೆಳಗೆ ಅಕ್ಕಿ ಆರಿಸ್ತಾ ಇದ್ದೆ. ವಾಸನೆ ಬಂದಿತ್ತು. ಪಕ್ಕದ ಗ್ಯಾರೇಜಿಂದು ಅಂತ ಮಾಡಿದೆ.” ಮತ್ತೆ ಸುಮನಳ ಕಡೆ ತಿರುಗಿದಳು. “ಅಕ್ಕ, ನಿಮಗೆ ಅವತ್ತೇ ಗೊತ್ತಿತ್ತಾ?”

ಸುಮನ ಮಾತನ್ನು ತಿದ್ದಲು ಹೋಗಲಿಲ್ಲ. “ಅನುಮಾನ ಇತ್ತು. ಒಂದ್ಸಲ ಕೇಳಿದೆ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಆಮ್ಯಾಲೆ ಸುಮ್ಮನಾದೆ.”

“ಮತ್ತೆ ಈ ಒಂದು ತಿಂಗಳು?”

ಗುಣವತಿ ಕಾದಳು. ಕಾದು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಹೇಳಿಕೆಯನ್ನು ಮರಾಠಿಯಲ್ಲಿ ಬರೆಯಬೇಕಿತ್ತು. ಮುದ್ದಣ್ಣನವರಿಗೆ ಬಾರದು. ಸುಮನಳದು ತರಕಾರಿ ಕೊಳ್ಳುವಷ್ಟು ಮರಾಠಿ. ರಘೋತ್ತಮ ಅಂಗಳದ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಬರೆಯಬಲ್ಲವಳು ಪ್ರಜ್ಞಾ ಒಬ್ಬಳೇ. ಅವಳು ಗಲ್ಲಾಪೆಟ್ಟಿಗೆಯ ಮೇಲೆ ಕಾಗದವಿಟ್ಟು, ಸುಮನ ಹೇಳಿದ ಒಂದೊಂದು ಮಾತನ್ನೂ ಬಾಯಲ್ಲಿ ಗೊಣಗಿ ಮರಾಠಿ ಮಾಡಿ ಇಳಿಸತೊಡಗಿದಳು.

“ಕಾಕೂ, ದಪ್ಪದ್ದು ‘ಜಾಡ್’ ವೈರ್, ಮತ್ತೆ ತೆಳ್ಳಗಿನದು ‘ಬಾರೀಕ್’ ವೈರ್. ಚಾಲೇಲ್? ಆಗ್ತದಾ?”

“ಹೂಂ.”

“ಬಾರೀಕ್ ವೈರ್ ಯಾರು ಜೋಡಿಸಿದ್ದು, ಹೆಸರು ಏನಂತ ಬರೀಲಿ?”

ಸುಮನ ಅಂಗಳದ ಕಡೆ ನೋಡಿದಳು. ಗಂಡನ ಬೆನ್ನು ಅಲುಗಲಿಲ್ಲ. “ರಘೋತ್ತಮ ಅಂತ ಬರಿ. ಟಾರ್ಚ್ ಹಿಡಕೊಂಡು ನಿಂತಾಕಿ ಸುಮನ ಅಂತ ಬರಿ. ಇಬ್ಬರಿಗೂ ರೇಡಿಯೋ ಲೈಸೆನ್ಸ್ ಅದ ಅಂತನೂ ಬರಿ.”

ಹುಡುಗಿ ಬರೆದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. “ದೀಪದಿಂದ ಬೆಂಕಿ ಆಗಿಲ್ಲ ಅಂತ…” ಅಂದಳು, ಅದನ್ನು ಮರಾಠಿ ಮಾಡಲಿಲ್ಲ. ಆಮೇಲೆ ಒತ್ತಿ ಒತ್ತಿ, ಕಾಗದ ಹರಿಯುವಷ್ಟು ಒತ್ತಿ ಬರೆದಳು.

ಸುಮನ ರುಜು ಹಾಕಿದಳು. ಮುದ್ದಣ್ಣ ಕಾಗದವನ್ನು ಅಂಗಳಕ್ಕೆ ಒಯ್ದರು. ರಘೋತ್ತಮ ಓದಿದ, ಪೆನ್ನು ಕೇಳಿ ಪಡೆದ, ಕಾರಿನ ಬಾನೆಟ್ಟಿನ ಮೇಲಿಟ್ಟು ಬ್ಯಾಂಕಿನಲ್ಲಿ ಹಾಕುವ ಪೂರ್ತಿ ರುಜುವನ್ನೇ ಹಾಕಿದ. ಕಾಗದ ಮರಳಿಸಿ, ಹೆಂಡತಿಯ ಮುಖ ನೋಡದೆ ಹೇಳಿದ: “ನೀ ಬಸ್ಸಿಗೆ ಬಾ.”

ಕಾರು ಓಣಿಯ ತಿರುವಿನಲ್ಲಿ ಮರೆಯಾಯಿತು. ಸುಮನ ಚೀಲ ತೆಗೆದುಕೊಳ್ಳಲು ಒಳಗೆ ಬಂದಳು. ಗುಣವತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ನೀವು ಹೇಳಿದ್ದು ದೊಡ್ಡ ಉಪಕಾರ ಆಯ್ತು ಅಕ್ಕ,” ಅಂದಳು. “ಆದರೆ ಇನ್ನು ಈ ಕಡೆ ಬರ್ಬೇಡಿ. ಸಿಟ್ಟಲ್ಲಿ ಹೇಳುದಲ್ಲ. ನಿಮ್ಮನ್ನು ಕಂಡ್ರೆ ನನಗೆ ಆ ಎರಡು ನಿಮಿಷ ಕಾಣ್ತದೆ.”

ಸುಮನ ತಲೆಯಾಡಿಸಿದಳು. ಚೀಲ ಹಗುರಾಗಿತ್ತು. ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಹೊರಬೀಳುವಾಗ ಹಿಂದಿನಿಂದ ಗುಣವತಿಯ ದನಿ ಕೇಳಿಸಿತು: “ಪ್ರಜ್ಞಾ, ಊಟ ಮಾಡ್ತೀಯಾ?”

ಉತ್ತರಕ್ಕಾಗಿ ಅವಳು ಬಿಸಿಲಲ್ಲಿ ಒಂದು ಗಳಿಗೆ ನಿಂತಳು. ಮಾತೇನೂ ಕೇಳಿಸಲಿಲ್ಲ. ಸ್ಟೂಲು ನೆಲಕ್ಕೆ ಉಜ್ಜಿದ ಸದ್ದು, ಒಳಗೆ ಹೋಗುವ ಹೆಜ್ಜೆ, ತಟ್ಟೆ ಇಟ್ಟ ಸದ್ದು. ಔರಂಗಾಬಾದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ನಡೆಯತೊಡಗಿದಳು.